ಮಧ್ಯಾಹ್ನ ಬರೀ ಸಲಾಡ್ ತಿಂದರೆ ನಾಲ್ಕು ಗಂಟೆಗೆ ಕೈ ನಡುಗುತ್ತದೆ, ಸಂಜೆ ಶುಗರ್ 240 ದಾಟುತ್ತದೆ. ಎಲ್ಲಿ ತಪ್ಪುತ್ತಿದ್ದೇನೆ?

ಬೇಳೆಮಿಲ್ ಲೆಕ್ಕಿಗ (ಕಲಬುರಗಿ)

ಎಲ್ಲರಿಗೂ ಶರಣು. ನನಗೆ 47 ವರ್ಷ. ದಾಲ್ ಮಿಲ್ಲೊಂದರಲ್ಲಿ ಲೆಕ್ಕ ಬರೆಯುತ್ತೇನೆ. ಶುಗರ್ ಶುರುವಾಗಿ ಮೂರು ವರ್ಷ ಆಯಿತು. ಬೆಳಿಗ್ಗೆ ನಾಷ್ಟಾಕ್ಕೆ ಮುಂಚೆ ಗ್ಲಿಮೆಪಿರೈಡ್ ಮತ್ತು ಮೆಟ್‌ಫಾರ್ಮಿನ್ ಸೇರಿದ ಒಂದು ಮಾತ್ರೆ, ರಾತ್ರಿ ಬರೀ ಮೆಟ್‌ಫಾರ್ಮಿನ್. ಹೋದ ತಿಂಗಳು ಎಚ್‌ಬಿಎ1ಸಿ (ಮೂರು ತಿಂಗಳ ಸರಾಸರಿ ಶುಗರ್ ತೋರಿಸುವ ರಕ್ತ ಪರೀಕ್ಷೆ) 8.1 ಬಂತು. ಡಾಕ್ಟರು "ಊಟ ಕಂಟ್ರೋಲ್ ಮಾಡ್ರಿ" ಅಂದರು. ಹೇಗೆ ಅಂತ ನಾನು ಕೇಳಲಿಲ್ಲ, ಅವರೂ ಹೇಳಲಿಲ್ಲ. ಹೊರಗೆ ಇನ್ನೂ ಮೂವತ್ತು ಜನ ಕೂತಿದ್ದರು.

ಹಾಗಾಗಿ ನಾನೇ ಒಂದು ತೀರ್ಮಾನ ಮಾಡಿದೆ. ಮಧ್ಯಾಹ್ನದ ರೊಟ್ಟಿ, ಅನ್ನ, ಬೇಳೆ ಎಲ್ಲಾ ಬಂದ್. ದೊಡ್ಡ ಸ್ಟೀಲ್ ಡಬ್ಬಿ ತುಂಬ ಸವತಿಕಾಯಿ, ಟೊಮೇಟೊ, ಗಜ್ಜರಿ, ಉಳ್ಳಾಗಡ್ಡಿ. ಮೇಲೆ ಉಪ್ಪು, ಲಿಂಬೆ. ಅಷ್ಟೇ.

ಮೊದಲ ವಾರ ಭಾರಿ ಖುಷಿ. ತೂಕ ಒಂದೂವರೆ ಕೆಜಿ ಇಳಿಯಿತು. ಎರಡನೇ ವಾರದಿಂದ ತಾಪತ್ರಯ. ಮೊನ್ನೆ ಮಂಗಳವಾರದ ಲೆಕ್ಕ ಕೊಡುತ್ತೇನೆ. ಊಟಕ್ಕೆ ಮುಂಚೆ 1 ಗಂಟೆಗೆ 134. 3 ಗಂಟೆಗೆ 109. 4.20ಕ್ಕೆ ಕೈ ನಡುಗಿ, ಬೆನ್ನಿನಲ್ಲಿ ತಣ್ಣನೆಯ ಬೆವರು ಇಳಿಯಿತು. ಒಂದೇ ಬಿಲ್ಲಿನ ಮೊತ್ತವನ್ನು ನಾಲ್ಕು ಸಲ ಕೂಡಿಸಿದೆ, ನಾಲ್ಕು ಸಲವೂ ಬೇರೆ ಬೇರೆ ಉತ್ತರ. ಚುಚ್ಚಿ ನೋಡಿದರೆ 61. ಗೇಟಿನ ಮುಂದಿನ ಬಂಡಿಗೆ ಓಡಿ ನಾಲ್ಕು ಮಿರ್ಚಿ ತಿಂದೆ, ಚಹಾ ಕುಡಿದೆ. ಆದರೂ ನಡುಕ ನಿಲ್ಲಲಿಲ್ಲ ಅಂತ ಒಂದು ಪ್ಲೇಟ್ ಸುಸಲಾ (ಒಗ್ಗರಣೆ ಮಂಡಕ್ಕಿ). 7 ಗಂಟೆಗೆ 243!

ಮನೆಯವರು "ದನದ ಹಾಗೆ ಮೇವು ತಿಂದು ಸಂಜೆ ಮಿರ್ಚಿಗೆ ಓಡೋದಕ್ಕಿಂತ ನೆಟ್ಟಗೆ ರೊಟ್ಟಿ ತಿನ್ರಿ" ಅನ್ನುತ್ತಾರೆ. ಸಲಾಡ್ ಊಟವೇ ತಪ್ಪಾ, ನಾನು ತಿನ್ನುವ ರೀತಿ ತಪ್ಪಾ? ಅನುಭವ ಇದ್ದವರು ಹೇಳಿ.

ಬಿಸಿಲೂರ ಹುಡುಗ

61ಕ್ಕೆ ನಾಲ್ಕು ಮಿರ್ಚಿ. ಅಣ್ಣಾ, ನಿಮ್ಮ ಪಾದ ಎಲ್ಲಿ?

ಮೆಡಿಕಲ್ ತಮ್ಮ

ನಗೋ ವಿಷಯ ಅಲ್ಲ ಇದು. ನಾನು ಔಷಧಿ ಅಂಗಡಿಯಲ್ಲಿ ಒಂಬತ್ತು ವರ್ಷದಿಂದ ಇದ್ದೇನೆ, ಫಾರ್ಮಸಿ ಓದಿದ್ದೇನೆ. ಅಣ್ಣಾ, ನಿಮ್ಮ ಪ್ರಶ್ನೆಯ ಅರ್ಧ ಉತ್ತರ ನಿಮ್ಮ ಮಾತ್ರೆಯಲ್ಲೇ ಇದೆ.

ಗ್ಲಿಮೆಪಿರೈಡ್ ಏನು ಮಾಡುತ್ತದೆ ಅಂದರೆ, ಮೇದೋಜೀರಕ ಗ್ರಂಥಿಗೆ "ಇನ್ಸುಲಿನ್ ಬಿಡು" ಅಂತ ಬೆನ್ನು ತಟ್ಟುತ್ತಾ ಇರುತ್ತದೆ. ನೀವು ಉಂಡಿದ್ದೀರಾ ಇಲ್ಲವಾ ಅಂತ ಅದು ನೋಡುವುದಿಲ್ಲ. ಮುಂಜಾನೆ ತಗೊಂಡರೆ ದಿನವಿಡೀ ಕೆಲಸ. ಮೊದಲು ನೀವು ಎರಡು ರೊಟ್ಟಿ, ಅನ್ನ ಉಣ್ಣುತ್ತಿದ್ದಿರಿ, ಆ ಊಟಕ್ಕೆ ಹೊಂದುವಂತೆ ಡೋಸ್ ಇತ್ತು. ಈಗ ಊಟ ತೆಗೆದಿರಿ, ಡೋಸ್ ಹಾಗೇ ಇದೆ. ಇಳಿಯದೆ ಇನ್ನೇನು? ಬರೀ ಮೆಟ್‌ಫಾರ್ಮಿನ್ ತಗೊಳ್ಳುವವರಿಗೆ ಹೀಗಾಗುವುದು ಅಪರೂಪ. ಅದು ಲಿವರಿನಿಂದ ಬರುವ ಸಕ್ಕರೆಗೆ ಮೂಗುದಾರ ಹಾಕುತ್ತದೆ, ಇನ್ಸುಲಿನ್ ಅನ್ನು ಹೀಗೆ ಹೊರಗೆ ತಳ್ಳುವುದಿಲ್ಲ.

ಇನ್ನೊಂದು ಮಾತು. 70ಕ್ಕಿಂತ ಕೆಳಗೆ ಬಂದರೆ ಮಿರ್ಚಿ, ಬಿಸ್ಕೆಟ್, ಸುಸಲಾ ಅಂತ ಹುಡುಕಬೇಡಿ. ಎಣ್ಣೆ ಇರುವ ತಿಂಡಿ ಹೊಟ್ಟೆಯಿಂದ ಮುಂದೆ ಹೋಗೋದೇ ನಿಧಾನ. ಅದಕ್ಕೇ ನಿಮಗೆ ನಡುಕ ನಿಲ್ಲಲಿಲ್ಲ, ನಿಲ್ಲಲಿಲ್ಲ ಅಂತ ಮತ್ತೆ ತಿಂದಿರಿ, ಆಮೇಲೆ ಎಲ್ಲಾ ಒಟ್ಟಿಗೆ ಏರಿತು. ಮೂರು ಚಮಚ ಸಕ್ಕರೆ ನೀರಿಗೆ ಹಾಕಿ ಕುಡಿಯಿರಿ, ಅಥವಾ 15 ಗ್ರಾಂ ಗ್ಲೂಕೋಸ್ ಪುಡಿ. 15 ನಿಮಿಷ ಬಿಟ್ಟು ಮತ್ತೆ ಚುಚ್ಚಿ ನೋಡಿ. ಇನ್ನೂ 70ರ ಕೆಳಗಿದ್ದರೆ ಮತ್ತೊಮ್ಮೆ ಅಷ್ಟೇ. ಸರಿಯಾದ ಮೇಲೆ ಸ್ವಲ್ಪ ಊಟ. ಗ್ಲೂಕೋಸ್ ಪೊಟ್ಟಣ ನಿಮ್ಮ ಟೇಬಲ್ಲಿನ ಡ್ರಾದಲ್ಲಿ ಇರಲಿ.

ಮತ್ತೆ ಈ ವಾರವೇ ಡಾಕ್ಟರ್ ಹತ್ತಿರ ಹೋಗಿ, ಊಟ ಬದಲಿಸಿದ್ದೇನೆ ಅಂತ ಹೇಳಿ. ಮಾತ್ರೆ ನೀವೇ ಕಡಿಮೆ ಮಾಡಬೇಡಿ.

ಬೇಳೆಮಿಲ್ ಲೆಕ್ಕಿಗ

ತಮ್ಮಾ, ಇದನ್ನು ಯಾರೂ ನನಗೆ ಹೇಳಿಯೇ ಇರಲಿಲ್ಲ. ಮೂರು ವರ್ಷದಿಂದ ನುಂಗುತ್ತಿದ್ದೇನೆ, ಅದು ಏನು ಮಾಡುತ್ತೆ ಅಂತ ಇವತ್ತು ಗೊತ್ತಾಯಿತು. ಶುಕ್ರವಾರ ಹೋಗುತ್ತೇನೆ.

ಕಡಕ್ ರೊಟ್ಟಿ ಅಕ್ಕ (ಆಳಂದ)

ಅಣ್ಣಾರೆ, ನನಗೆ ಒಂದು ಮಾತು ಅರ್ಥ ಆಗಲಿಲ್ಲ. ನೀವು ಕೆಲಸ ಮಾಡೋದು ದಾಲ್ ಮಿಲ್ಲಿನಲ್ಲಿ. ಸುತ್ತಮುತ್ತ ತೊಗರಿ ಚೀಲ. ಅದರ ನಡುವೆ ಕೂತು ಸವತಿಕಾಯಿ ಕಡಿಯುತ್ತೀರಾ? ನಮ್ಮ ಕಲಬುರಗಿ ತೊಗರಿ ಬೇಳೆಗೆ 2019ರಲ್ಲಿ ಜಿಐ ಟ್ಯಾಗ್ (ಊರಿನ ಹೆಸರಿನ ಭೌಗೋಳಿಕ ಗುರುತು) ಬಂದಿದೆ, ಊರಿಗೆಲ್ಲ ಕಳಿಸುತ್ತೀರಿ, ನಿಮ್ಮ ಡಬ್ಬಿಯಲ್ಲಿ ಒಂದು ಕಾಳೂ ಇಲ್ಲ!

ಸವತಿಕಾಯಿ, ಟೊಮೇಟೊ ಅಂದರೆ ಹೆಚ್ಚುಕಡಿಮೆ ನೀರು. ಅದು ಹೊಟ್ಟೆಯಲ್ಲಿ ಎಷ್ಟು ಹೊತ್ತು ನಿಂತೀತು? ನೀವು ಸಲಾಡ್ ಅಂತ ಹೊಸ ಹೆಸರು ಇಟ್ಟುಕೊಂಡಿದ್ದಕ್ಕೆ ಹೀಗಾಯಿತು. ನಮ್ಮಲ್ಲಿ ಪಚಡಿ ಅಂತ ಇತ್ತಲ್ಲ? ಮೆಂತ್ಯ ಪಲ್ಲೆ ಸಣ್ಣಗೆ ಹೆಚ್ಚಿ, ಉಳ್ಳಾಗಡ್ಡಿ, ಸವತಿಕಾಯಿ, ತುರಿದ ಗಜ್ಜರಿ, ನೆನೆಸಿದ ಹೆಸರು ಬೇಳೆ ಎರಡು ಹಿಡಿ, ಶೇಂಗಾ ಪುಡಿ ಅಥವಾ ಗುರೆಳ್ಳು ಹಿಂಡಿ ಎರಡು ಚಮಚ, ಲಿಂಬೆ, ಮೇಲೆ ಸಾಸಿವೆ ಒಗ್ಗರಣೆ. ಅದರಲ್ಲಿ ಕಾಳೂ ಇತ್ತು, ಎಣ್ಣೆ ಕಾಳೂ ಇತ್ತು, ಸೊಪ್ಪೂ ಇತ್ತು. ಜತೆಗೆ ಒಂದು ರೊಟ್ಟಿ. ಅದು ತಿಂದವರು ಯಾರಾದರೂ ನಾಲ್ಕು ಗಂಟೆಗೆ ನಡುಗಿದ್ದು ನಾನು ನೋಡಿಲ್ಲ.

ನಿವೃತ್ತ ಮಾಸ್ತರ (ಯಾದಗಿರಿ)

ಅಕ್ಕಾವರು ಹೇಳಿದ್ದು ನೂರಕ್ಕೆ ನೂರು. ನಮ್ಮಪ್ಪ 84 ವರ್ಷ ಬದುಕಿದರು. ದಿನಕ್ಕೆ ಆರು ಜೋಳದ ರೊಟ್ಟಿ. ಶುಗರ್ ಅಂದರೇನು ಗೊತ್ತಿರಲಿಲ್ಲ. ಜೋಳದಲ್ಲಿ ಶುಗರ್ ಏರುವುದೇ ಇಲ್ಲ. ಎಷ್ಟು ಬೇಕಾದರೂ ತಿನ್ನಬಹುದು. ತೊಂದರೆ ಎಲ್ಲಾ ಅನ್ನದಿಂದ, ಮೈದಾದಿಂದ.

ತಕ್ಕಡಿ

ಮಾಸ್ತರ್, ನಿಮ್ಮ ಮೇಲೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ, ಈ "ಎಷ್ಟು ಬೇಕಾದರೂ" ಅನ್ನೋ ಮಾತಿನಿಂದ ನಾನೇ ಕೆಟ್ಟೆ.

ಮೂರು ವರ್ಷದ ಹಿಂದೆ ಅನ್ನ ಬಿಟ್ಟೆ, ಹೊತ್ತಿಗೆ ನಾಲ್ಕು ರೊಟ್ಟಿ ತಿಂದೆ. ಶುಗರ್ ಜಗ್ಗಲಿಲ್ಲ. ಆಮೇಲೆ ಅಡುಗೆ ಮನೆಗೆ ಒಂದು ಡಿಜಿಟಲ್ ತಕ್ಕಡಿ ತಂದೆ (ಈ ಹೆಸರು ನನಗೆ ಬಿದ್ದದ್ದು ಹಾಗೆ, ಹೆಂಡತಿ ಇಟ್ಟದ್ದು). ನಮ್ಮ ಮನೆಯ ಒಂದು ರೊಟ್ಟಿಗೆ 55 ಗ್ರಾಂ ಹಿಟ್ಟು ಹಿಡಿಯುತ್ತದೆ. 100 ಗ್ರಾಂ ಜೋಳದಲ್ಲಿ ಸುಮಾರು 68 ಗ್ರಾಂ ಕಾರ್ಬೋಹೈಡ್ರೇಟ್. ಅಂದರೆ ಒಂದು ರೊಟ್ಟಿಗೆ 37 ಗ್ರಾಂ. ನಾಲ್ಕಕ್ಕೆ ಹತ್ತಿರ ಹತ್ತಿರ 150. ಅದು ರಕ್ತಕ್ಕೆ ಬಂದಾಗ ಸಕ್ಕರೆಯೇ. ಜೋಳದ ಲಾಭ ಏನಪ್ಪಾ ಅಂದರೆ ನಾರು. 100 ಗ್ರಾಂಗೆ ಹತ್ತು ಗ್ರಾಂ ಹತ್ತಿರ ಇದೆ, ಪಾಲಿಶ್ ಅಕ್ಕಿಯಲ್ಲಿ ಮೂರೂ ಇಲ್ಲ. ಹಾಗಾಗಿ ನಿಧಾನ ಏರುತ್ತದೆ. ಏರುವುದಿಲ್ಲ ಅಂತಲ್ಲ.

ನಿಮ್ಮ ತಂದೆಯವರು ಆರು ರೊಟ್ಟಿ ತಿಂದು ಹೊಲಕ್ಕೆ ಹೋಗಿ ರಂಟೆ ಹೊಡೆದಿರುತ್ತಾರೆ. ನಾವು ಆರು ತಿಂದು ಕುರ್ಚಿಯಲ್ಲಿ ಕೂರುತ್ತೇವೆ.

ನಿವೃತ್ತ ಮಾಸ್ತರ (ಯಾದಗಿರಿ)

ಅವರು ರಂಟೆ ಹೊಡೆದದ್ದು ನಿಜ. ನಾನು ಚಾಕ್‌ಪೀಸ್ ಹಿಡಿದವನು. ನನಗೂ ಈಗ ಎಚ್‌ಬಿಎ1ಸಿ 6.9 ಇದೆ, ಮೊದಲೇ ಹೇಳಿಬಿಡುತ್ತೇನೆ. ಆದರೂ ಜೋಳ ಜೋಳವೇ.

ತಾಹರಿ ಪ್ರಿಯ

ನೀವೆಲ್ಲಾ ರೊಟ್ಟಿ ಬಗ್ಗೆ ಬರೆಯುತ್ತೀರಿ, ನಮ್ಮ ಮನೆ ದರ್ಗಾದ ಹತ್ತಿರ. ಸುತ್ತ ತಾಹರಿ (ಮಸಾಲೆ ಅನ್ನ) ವಾಸನೆ. ಅಮ್ಮಿಗೆ ಶುಗರ್ 12 ವರ್ಷದಿಂದ. ಅವರು ತಾಹರಿ ಬಿಡಲಿಲ್ಲ. ಒಂದು ಉಪಾಯ ಮಾಡಿದರು. ಮೊದಲು ದೊಡ್ಡ ಬಟ್ಟಲು ತುಂಬ ಕಚುಂಬರ್ ತಿನ್ನುತ್ತಾರೆ: ಉಳ್ಳಾಗಡ್ಡಿ, ಸವತಿಕಾಯಿ, ಪುದೀನಾ, ಮೊಸರು. ಆಮೇಲೆ ಒಂದು ಬೇಯಿಸಿದ ಮೊಟ್ಟೆ. ಕೊನೆಗೆ ಒಂದು ಸಣ್ಣ ಬಟ್ಟಲು ತಾಹರಿ, ಅದೂ ವಾರಕ್ಕೆ ಒಮ್ಮೆ. ಮೊದಲು ತಾಹರಿ ಮೇಲೆ ಸಲಾಡ್ ಇಟ್ಟುಕೊಂಡು ಕಲೆಸಿ ತಿನ್ನುತ್ತಿದ್ದರು, ಆಗ ಎರಡು ತಾಸಿಗೆ 220ರ ಸುತ್ತ ಬರುತ್ತಿತ್ತು. ಈಗ 170ರ ಒಳಗೆ. ಪ್ಲೇಟಿನ ಅಳತೆಯೂ ಕಮ್ಮಿ ಆಗಿದೆ ಅನ್ನಿ.

ತಕ್ಕಡಿ

ಅಮ್ಮಿಯವರ ಉಪಾಯ ಸುಮ್ನೆ ಅಲ್ಲ. ನ್ಯೂಯಾರ್ಕಿನ ವೈದ್ಯರು 2015ರಲ್ಲಿ ಇದನ್ನೇ ಪರೀಕ್ಷೆ ಮಾಡಿ ಪ್ರಕಟಿಸಿದ್ದರು. ಅದೇ ಊಟ, ಅದೇ ಜನ. ಒಂದು ದಿನ ಬ್ರೆಡ್ ಮತ್ತು ಹಣ್ಣಿನ ರಸ ಮೊದಲು, 15 ನಿಮಿಷ ಬಿಟ್ಟು ತರಕಾರಿ, ಕೋಳಿ. ಇನ್ನೊಂದು ದಿನ ಉಲ್ಟಾ. ತರಕಾರಿ, ಕೋಳಿ ಮೊದಲು ತಿಂದ ದಿನ ಒಂದು ತಾಸಿನ ಶುಗರ್ ಶೇ. 37ರಷ್ಟು ಕಡಿಮೆ ಇತ್ತು. ಆದರೆ ಪರೀಕ್ಷೆಗೆ ಇದ್ದದ್ದು 11 ಜನ ಮಾತ್ರ, ಅದನ್ನೂ ಹೇಳಬೇಕು. ನಾನು ನನ್ನ ಮೇಲೆ ಮಾಡಿ ನೋಡಿದ್ದೇನೆ, ನನಗಂತೂ ಲಾಭ ಆಗಿದೆ.

ಬಿಸಿಲೂರ ಹುಡುಗ

ತಾಹರಿ ಎಲ್ಲಿ ಚೆನ್ನಾಗಿರುತ್ತೆ ಅಂತ ಬೇರೆ ಚರ್ಚೆ ಶುರು ಮಾಡೋಣವಾ? ಹೊಟ್ಟೆ ಹಸಿಯಿತು.

ತಾಹರಿ ಪ್ರಿಯ

ಬೆಳಿಗ್ಗೆ ಎಂಟಕ್ಕೆ ಬಾ ತಮ್ಮಾ, ಹತ್ತಕ್ಕೆ ಬಂದರೆ ಖಾಲಿ ಹಂಡೆ ನೋಡಬೇಕು.

ಪ್ರಕೃತಿ ಪ್ರೇಮಿ

ಎಲ್ಲರೂ ಮಾತ್ರೆ ಕಂಪನಿಗಳ ಮಾತು ಆಡುತ್ತಿದ್ದೀರಿ. ಮೂರು ತಿಂಗಳು ಹಸಿ ತರಕಾರಿ ತಿಂದರೆ ಶುಗರ್ ಬೇರು ಸಹಿತ ಹೋಗುತ್ತದೆ. ನಾನು ಮಾತ್ರೆ ಬಿಟ್ಟು ಎಂಟು ತಿಂಗಳು ಆಯಿತು. ಮುಂಜಾನೆ ಹಾಗಲಕಾಯಿ ರಸ, ಮಧ್ಯಾಹ್ನ ಸಲಾಡ್, ರಾತ್ರಿ ಹಣ್ಣು. ಲೆಕ್ಕಿಗರೇ, ನಡುಕ ಬಂದರೆ ಹೆದರಬೇಡಿ, ಅದು ದೇಹ ಶುದ್ಧಿ ಆಗುವ ಲಕ್ಷಣ.

ಮೆಡಿಕಲ್ ತಮ್ಮ

61 ಅಂದರೆ ಶುದ್ಧಿ ಅಲ್ಲ ಸರ್, ಮೆದುಳಿಗೆ ಸಕ್ಕರೆ ಸಾಲುತ್ತಿಲ್ಲ ಅಂತ ಅರ್ಥ. ಅದೇ ಹೊತ್ತಿಗೆ ಅವರು ಬೈಕ್ ಓಡಿಸುತ್ತಿದ್ದರೆ? ದಯವಿಟ್ಟು ಆ ಮಾತು ತೆಗೆಯಿರಿ.

ಪ್ರಕೃತಿ ಪ್ರೇಮಿ

ತೆಗೆಯುವುದಿಲ್ಲ. ನನ್ನ ಅನುಭವ ನಾನು ಹೇಳಿದ್ದೇನೆ.

ವಾರ್ಡ್ ನಂ. 6

ಎಂಟು ತಿಂಗಳಲ್ಲಿ ಎಚ್‌ಬಿಎ1ಸಿ ಎಷ್ಟು ಸಲ ಮಾಡಿಸಿದ್ದೀರಿ ಸರ್? ನಾನು ನರ್ಸ್. ಮಾತ್ರೆ ಬಿಟ್ಟು ಚೆನ್ನಾಗಿದ್ದೇನೆ ಅಂದವರು ಕಾಲಿನ ಗಾಯ ತೋರಿಸಲು ಬರುವುದನ್ನು ವಾರಕ್ಕೆ ಒಂದಾದರೂ ನೋಡುತ್ತೇನೆ. ತೂಕ ಇಳಿಸಿ, ಊಟ ಬದಲಿಸಿ ಕೆಲವರಿಗೆ ಮಾತ್ರೆ ಕಡಿಮೆ ಆಗುತ್ತದೆ, ಕೆಲವರಿಗೆ ಬಿಡುವ ಹಾಗೂ ಆಗುತ್ತದೆ. ನಾನು ಇಲ್ಲ ಅನ್ನುವುದಿಲ್ಲ. ಆದರೆ ರಿಪೋರ್ಟ್ ನೋಡಿ ಡಾಕ್ಟರು ಬಿಡಿಸಬೇಕು. ಹಾಗಲಕಾಯಿ ರಸವನ್ನು ಮಾತ್ರೆ ಜತೆ ಕುಡಿದರೆ ಇನ್ನೂ ಕೆಳಗೆ ಹೋಗಬಹುದು, ಅದನ್ನೂ ಡಾಕ್ಟರಿಗೆ ಹೇಳಬೇಕು.

ಬಂದದ್ದು ಬಂದೆ, ಸಲಾಡ್ ಬಗ್ಗೆ ಎರಡು ಮಾತು. ಕಿಡ್ನಿ ತೊಂದರೆ ಇರುವವರು, ಕ್ರಿಯಾಟಿನಿನ್ ಜಾಸ್ತಿ ಇರುವವರು ಡಬ್ಬಿಗಟ್ಟಲೆ ಹಸಿ ಟೊಮೇಟೊ, ಸೊಪ್ಪು ತಿನ್ನಬೇಡಿ. ಅದರಲ್ಲಿ ಪೊಟ್ಯಾಸಿಯಂ ಇದೆ. ರಕ್ತ ತೆಳು ಮಾಡುವ ವಾರ್ಫರಿನ್ ತಗೊಳ್ಳುವವರು ಸೊಪ್ಪು ಒಮ್ಮೆಲೇ ಜಾಸ್ತಿ ಮಾಡಬಾರದು. ಇನ್ನು ತೊಳೆಯುವುದು. ನಮ್ಮ ಊರುಗಳ ಹತ್ತಿರ ಕೆಲವು ಕಡೆ ಸೊಪ್ಪಿಗೆ ಯಾವ ನೀರು ಬಿಡುತ್ತಾರೆ ಅಂತ ನಿಮಗೇ ಗೊತ್ತು. ಬೇರು ಕತ್ತರಿಸಿ, ಎಲೆ ಬಿಡಿಸಿ, ಮಣ್ಣು ತಳಕ್ಕೆ ಕೂರುವ ತನಕ ಬೋಗುಣಿಯ ನೀರಿನಲ್ಲಿ ಅದ್ದಿ ಎತ್ತಿ, ಮೂರು ನೀರು ಬದಲಿಸಿ. ಕೊನೆಗೆ ಹರಿಯುವ ನೀರು. ಅನುಮಾನ ಇದ್ದರೆ ಬೇಯಿಸಿಯೇ ತಿನ್ನಿ. ಬೇಯಿಸಿದ ಪಲ್ಲೆಯೂ ಪಲ್ಲೆಯೇ, ಹಸಿಯೇ ಆಗಬೇಕು ಅಂತ ನಿಯಮ ಇಲ್ಲ.

ಬೇಳೆಮಿಲ್ ಲೆಕ್ಕಿಗ

ಗಜ್ಜರಿ ತಿನ್ನಬಾರದು, ಸಿಹಿ ಇದೆ ಅಂತ ಆಫೀಸಿನಲ್ಲಿ ಒಬ್ಬರು ಹೇಳಿದರು. ಬೀಟ್‌ರೂಟೂ ಬೇಡ ಅಂತೆ. ನಿಜವಾ?

ವಾರ್ಡ್ ನಂ. 6

ಒಂದು ಹಸಿ ಗಜ್ಜರಿಯಿಂದ ಏನೂ ಆಗುವುದಿಲ್ಲ. ಹಲ್ವಾ ಮಾಡಿದರೆ ಆಗುತ್ತದೆ.

ಭೀಮಾ ದಂಡೆ (ಶಹಾಪುರ)

ಮಾಸ್ತರ್ ಹೇಳಿದ ಅನ್ನದ ಮಾತಿಗೆ ಬರುತ್ತೇನೆ. ನಮ್ಮ ಕಡೆ ನಾರಾಯಣಪುರ ಕಾಲುವೆ ನೀರು ಬಂದ ಮೇಲೆ ಜೋಳ ಬೆಳೆಯುತ್ತಿದ್ದ ಹೊಲದಲ್ಲಿ ಭತ್ತ ಬಂತು. ನಾನು ಚಿಕ್ಕವನಿದ್ದಾಗ ಅನ್ನ ಅಂದರೆ ಹಬ್ಬಕ್ಕೆ, ಬೀಗರು ಬಂದಾಗ. ಈಗ ಮೂರು ಹೊತ್ತೂ ಅನ್ನ. ಜೋಳ ಬಿತ್ತುವವರು ಕಮ್ಮಿ, ಬಡಿಯುವವರು ಇನ್ನೂ ಕಮ್ಮಿ. ನಮ್ಮ ಸೊಸೆಯಂದಿರನ್ನು ಅನ್ನಬೇಡಿ, ರೊಟ್ಟಿ ಬಡಿಯೋದು ಸುಲಭದ ಕೆಲಸ ಅಲ್ಲ, ಬೇಸಿಗೆಯಲ್ಲಿ ಒಲೆ ಮುಂದೆ ಒಂದು ತಾಸು ಕೂತು ನೋಡಿ.

ನಾನು ಈಗ ವಾರಕ್ಕೊಮ್ಮೆ ಕಡಕ್ ರೊಟ್ಟಿ ಕಟ್ಟು ತಂದು ಇಡುತ್ತೇನೆ. ತೆಳು ಇರುತ್ತದೆ, ಹಿಟ್ಟು ಕಮ್ಮಿ. ಮುರಿಯುವುದಕ್ಕೆ, ಜಗಿಯುವುದಕ್ಕೆ ಹೊತ್ತು ಹಿಡಿಯುತ್ತದೆ. ಒಂದರಲ್ಲೇ ದವಡೆ ಸೋಲುತ್ತದೆ.

ಕಡಕ್ ರೊಟ್ಟಿ ಅಕ್ಕ (ಆಳಂದ)

ಸೊಸೆಯಂದಿರ ಪರ ಮಾತಾಡಿದ್ದಕ್ಕೆ ಕಾಕಾ ಅವರಿಗೆ ನನ್ನ ಕಡೆಯಿಂದ ಒಂದು ಕಟ್ಟು ರೊಟ್ಟಿ.

ಎಲ್ಲಿದ್ದರೂ ಜೇವರ್ಗಿ

ಬೆಂಗಳೂರಿನಲ್ಲಿ ಐಟಿ ಕೆಲಸ. ಇಲ್ಲಿ ಮೊಬೈಲಿನಲ್ಲಿ ಸಲಾಡ್ ತರಿಸಿದರೆ ಒಂದು ಬಟ್ಟಲಿಗೆ 350 ರೂಪಾಯಿ. ತೆಗೆದರೆ ಜೋಳದ ಕಾಳು (ಮೆಕ್ಕೆಜೋಳ, ನಮ್ಮದಲ್ಲ), ಎರಡು ಆಲಿವ್, ಹುರಿದ ಬ್ರೆಡ್ ಚೂರು, ಮೇಲೆ ಬಿಳಿ ಸಾಸ್. ಆ ಸಾಸ್ ರುಚಿ ನೋಡಿದರೆ ಸಿಹಿ! ಒಂದು ತಾಸಿಗೆ 190. ಮರುದಿನ ಅದೇ ಸಾಸ್ ಇಲ್ಲದೆ, ಬ್ರೆಡ್ ಇಲ್ಲದೆ, ಪನೀರ್ ಹಾಕಿಸಿಕೊಂಡು ತಿಂದೆ, 138. ನನ್ನ ತೋಳಿಗೆ ಶುಗರ್ ತೋರಿಸುವ 14 ದಿನದ ಸೆನ್ಸರ್ ಅಂಟಿಸಿಕೊಂಡಿದ್ದೆ, ಅದಕ್ಕೇ ಗೊತ್ತಾಯಿತು. ಸಲಾಡ್ ಅನ್ನೋ ಹೆಸರು ನೋಡಿ ನಂಬಬೇಡಿ.

ಆ ಸೆನ್ಸರಿನಲ್ಲಿ ಇನ್ನೊಂದು ನೋಡಿದೆ. ಊಟ ಆದ ಮೇಲೆ ಕೂತರೆ ಗೆರೆ ಗುಡ್ಡ ಏರಿದ ಹಾಗೆ. ಹದಿನೈದು ನಿಮಿಷ ಆಫೀಸಿನ ಮೆಟ್ಟಿಲು, ಪಾರ್ಕಿಂಗ್ ಅಂತ ಸುತ್ತಿದರೆ ಅದೇ ಗೆರೆ ಹೊಲದ ಬದು.

ಬಿಸಿಲೂರ ಹುಡುಗ

ಬೆಂಗಳೂರಿನಲ್ಲಿ ಮಧ್ಯಾಹ್ನ ಸುತ್ತಬಹುದು ಅಣ್ಣಾ. ಇಲ್ಲಿ 43 ಡಿಗ್ರಿ. ಸುತ್ತಿದರೆ ಶುಗರ್ ಅಲ್ಲ, ಮನುಷ್ಯನೇ ಇಳಿದುಹೋಗುತ್ತಾನೆ.

ಎಂಟರಿಂದ ಒಂದೂವರೆ

ಮಿಲ್ ಒಳಗೇ ಸುತ್ತಬಹುದಲ್ಲ, ಗೋದಾಮು ಅಷ್ಟು ಉದ್ದ ಇರುತ್ತದೆ. ನಾವು ಸರ್ಕಾರಿ ಜನ. ಏಪ್ರಿಲ್, ಮೇ ನಮಗೆ ಬೆಳಿಗ್ಗೆ 8ರಿಂದ 1.30ರ ತನಕ ಕಚೇರಿ. ಎಲ್ಲರೂ ಹೊಟ್ಟೆಕಿಚ್ಚು ಪಡುತ್ತಾರೆ. ಆದರೆ ಶುಗರ್ ಇದ್ದವರ ಪಾಡು ಕೇಳಿ. ಏಳಕ್ಕೆ ನಾಷ್ಟಾ, ಮನೆ ಮುಟ್ಟಿ ಊಟಕ್ಕೆ ಕೂರುವಾಗ ಎರಡೂವರೆ. ನಡುವೆ ಏನೂ ಇಲ್ಲದಿದ್ದರೆ 12ಕ್ಕೇ ಕಣ್ಣು ಮಂಜು. ನಾನು 11 ಗಂಟೆಗೆ ಒಂದು ಹಿಡಿ ಹುರಿದ ಕಡಲೆ ಮತ್ತು ಒಂದು ಲೋಟ ಮಜ್ಜಿಗೆ ಅಂತ ಇಟ್ಟುಕೊಂಡಿದ್ದೇನೆ. ಊಟಕ್ಕೆ ಕೂತಾಗ ಮೈಮೇಲೆ ದೆವ್ವ ಬಂದ ಹಾಗೆ ತಿನ್ನುವುದು ನಿಂತಿದೆ.

ಪೇರಲ ತೋಟ (ಬೀದರ್)

ಲೆಕ್ಕಿಗರೇ, ನಿಮ್ಮ ಡಬ್ಬಿ ಬಗ್ಗೆ ಕೇಳುತ್ತೇನೆ. ಬೆಳಿಗ್ಗೆ ಎಂಟಕ್ಕೆ ಹೆಚ್ಚಿ, ಉಪ್ಪು ಹಾಕಿ ಮುಚ್ಚಿದ ಸವತಿಕಾಯಿ ಒಂದು ಗಂಟೆಗೆ ಹೇಗಿರುತ್ತದೆ? ನಾನೂ ಮಾಡಿದ್ದೆ. ಮುಚ್ಚಳ ತೆಗೆದರೆ ತುಂಡುಗಳೆಲ್ಲ ಮೆತ್ತಗೆ, ಅರ್ಧ ಡಬ್ಬಿ ನೀರು, ಉಳ್ಳಾಗಡ್ಡಿ ಗಬ್ಬು. ಪಕ್ಕದವರು ಕಿಟಕಿ ತೆಗೆದರು. ಈಗ ಸವತಿಕಾಯಿ ಇಡಿಯಾಗಿ ಒಯ್ಯುತ್ತೇನೆ, ಚಾಕು ಜತೆಗೆ. ಉಪ್ಪು, ಶೇಂಗಾ ಪುಡಿ, ಖಾರ ಕಾಗದದ ಪೊಟ್ಟಣದಲ್ಲಿ ಬೇರೆ. ತಿನ್ನುವ ಹೊತ್ತಿಗೆ ಕಲೆಸಿದರೆ ಕರಂಕುರುಂ.

ಮೊಳಕೆ ಕಾಳು ಮಾತ್ರ ಈ ಬಿಸಿಲಲ್ಲಿ ಹಸಿ ಒಯ್ಯಬೇಡಿ. ಇಲ್ಲಿ ಒಂದೇ ರಾತ್ರಿಯಲ್ಲಿ ಮೊಳಕೆ ಬರುತ್ತದೆ, ಅಷ್ಟೇ ಬೇಗ ಹಳಸುತ್ತದೆ. ಉಗಿಯಲ್ಲಿ ಐದಾರು ನಿಮಿಷ ಬೇಯಿಸಿ, ಆರಿಸಿ, ಆಮೇಲೆ ಡಬ್ಬಿಗೆ.

ಮತ್ತೆ ಚುಚ್ಚುವ ಮುಂಚೆ ಕೈ ತೊಳೆಯಿರಿ. ನಾನು ಪೇರಲ ಹೆಚ್ಚಿದ ಕೈಯಲ್ಲೇ ಚುಚ್ಚಿ 287 ನೋಡಿ, ಅರ್ಧ ತಾಸು ಮಗನಿಗೆ ಆಸ್ತಿ ಪತ್ರ ಎಲ್ಲಿದೆ ಅಂತ ಹೇಳಿದೆ. ತೊಳೆದು ನೋಡಿದರೆ 146.

ತಕ್ಕಡಿ

ಆಸ್ತಿ ಪತ್ರ! ಒಂದು ಸ್ಟ್ರಿಪ್ಪಿಗೆ ಇಪ್ಪತ್ತು ರೂಪಾಯಿ ಹೋದರೂ ಮಗನಿಗೆ ಲಾಭ ಆಯಿತು.

ನಿವೃತ್ತ ಮಾಸ್ತರ (ಯಾದಗಿರಿ)

ಸ್ಟ್ರಿಪ್ ದುಬಾರಿ ಅನ್ನುವವರಿಗೆ ಹೇಳುತ್ತೇನೆ. ಸರ್ಕಾರಿ ಆಸ್ಪತ್ರೆಯಲ್ಲಿ 30 ವರ್ಷ ದಾಟಿದವರಿಗೆ ಶುಗರ್, ಬಿಪಿ ಉಚಿತವಾಗಿ ನೋಡುತ್ತಾರೆ. ನನ್ನದು ಗೊತ್ತಾದದ್ದೇ ಅಲ್ಲಿ. ಬಿಪಿ ನೋಡಿಸಲು ಹೋಗಿದ್ದೆ.

ಪ್ರಕೃತಿ ಪ್ರೇಮಿ

ನರ್ಸ್ ಅಕ್ಕಾವರೇ, ನಿಮ್ಮ ಮಾತಿಗೆ ನಿನ್ನೆ ಎಚ್‌ಬಿಎ1ಸಿ ಮಾಡಿಸಿದೆ. 7.8 ಇದೆ. ರಾತ್ರಿ ಹಣ್ಣು ಜಾಸ್ತಿ ಆಯಿತು ಅನಿಸುತ್ತದೆ.

ವಾರ್ಡ್ ನಂ. 6

ಮಾಡಿಸಿದಿರಲ್ಲ, ಅದು ದೊಡ್ಡದು. ಇದೇ ರಿಪೋರ್ಟ್ ಹಿಡಿದು ಡಾಕ್ಟರ್ ಹತ್ತಿರ ಹೋಗಿ ಸರ್.

ಬೇಳೆಮಿಲ್ ಲೆಕ್ಕಿಗ

ಮೂರು ವಾರ ಆಯಿತು. ಲೆಕ್ಕ ಒಪ್ಪಿಸಲು ಬಂದೆ.

ಡಾಕ್ಟರ್ ಹತ್ತಿರ ಹೋಗಿ 61ರ ಕಥೆ ಹೇಳಿದೆ. ಈ ಸಲ ಪೂರ್ತಿ ಕೇಳಿದರು. ಗ್ಲಿಮೆಪಿರೈಡ್ ಅರ್ಧ ಮಾಡಿದರು. "ಊಟ ಬಿಡುವುದಲ್ಲ, ಊಟ ಜೋಡಿಸುವುದು" ಅಂತ ಹೇಳಿ, ಮಧ್ಯಾಹ್ನ ಏನು ತಿನ್ನುತ್ತೀರಿ ಬರೆದು ತನ್ನಿ ಅಂದರು.

ಈಗಿನ ಡಬ್ಬಿ ಹೀಗಿದೆ. ಮೇಲಿನ ಖಾನೆಯಲ್ಲಿ ಪಚಡಿ, ಅಕ್ಕಾವರ ಪ್ರಕಾರ. ಈಗ ಮೆಂತ್ಯ ಪಲ್ಲೆ ದುಬಾರಿ, ಅದಕ್ಕೆ ವಾರದಲ್ಲಿ ಎರಡು ದಿನ ಅದು, ಉಳಿದ ದಿನ ಎಲೆಕೋಸು, ಸವತಿಕಾಯಿ. ಎರಡನೇ ಖಾನೆಯಲ್ಲಿ ಗಟ್ಟಿ ತೊಗರಿ ಬೇಳೆ ಒಂದು ಬಟ್ಟಲು, ಅದರಲ್ಲೇ ಪುಂಡಿ ಪಲ್ಲೆ. ಮೂರನೆಯದರಲ್ಲಿ ಒಂದೇ ರೊಟ್ಟಿ ಮತ್ತು ಗಟ್ಟಿ ಮೊಸರು. ಪಚಡಿ ಮುಗಿಸಿ, ಬೇಳೆ ಅರ್ಧ ತಿಂದು, ಆಮೇಲೆ ರೊಟ್ಟಿ ಮುಟ್ಟುತ್ತೇನೆ. ಮೊದಲ ಎರಡು ದಿನ ರೊಟ್ಟಿ ಎದುರಿಗೆ ಇಟ್ಟುಕೊಂಡು ಸೊಪ್ಪು ಜಗಿಯುವುದು ಶಿಕ್ಷೆ ಅನಿಸಿತು. ಈಗ ರೂಢಿ ಆಗಿದೆ.

ಊಟ ಆದ ಮೇಲೆ ಗೋದಾಮಿನ ಒಳಗೆ ಹತ್ತು ಸುತ್ತು. ಹಮಾಲರು ಮೊದಲ ದಿನ ಸ್ಟಾಕ್ ಎಣಿಸಲು ಬಂದರು ಅಂತ ಹೆದರಿ ಬೀಡಿ ಆರಿಸಿದರು. ಈಗ ಅವರಲ್ಲೇ ಒಬ್ಬರು ನನ್ನ ಜತೆ ಸುತ್ತುತ್ತಾರೆ, ಅವರಿಗೂ ಇದೆಯಂತೆ.

ಸಂಖ್ಯೆಗಳು: ಮೊನ್ನೆ 1 ಗಂಟೆಗೆ 128. ಊಟ ಶುರು ಮಾಡಿ ಎರಡು ತಾಸಿಗೆ 161. 4.30ಕ್ಕೆ 117, ನಡುಕ ಇಲ್ಲ. 7 ಗಂಟೆಗೆ 124. ಬರೀ ಸಲಾಡ್ ತಿಂದಾಗಿನ 109 ಇದಕ್ಕಿಂತ ಚೆಂದ ಕಾಣುತ್ತಿತ್ತು, ನಿಜ. ಆದರೆ ಆ 109ರ ಹಿಂದೆಯೇ 61 ಮತ್ತು 243 ನಿಂತಿದ್ದವು. ಪೂರ್ತಿ ಪುಟ ನೋಡದೆ ಒಂದೇ ಸಾಲು ನೋಡಿ ಖುಷಿ ಪಟ್ಟಿದ್ದೆ, ಲೆಕ್ಕಿಗನಾಗಿ ನಾಚಿಕೆ ಆಗಬೇಕು.

ಒಂದು ದಿನ ತಪ್ಪಿತು, ಮುಚ್ಚಿಡುವುದಿಲ್ಲ. ಮಾಲೀಕರ ಮನೆ ಗೃಹಪ್ರವೇಶ, ಹೋಳಿಗೆ ಎರಡು. 228. ಅವತ್ತು ಡಬ್ಬಿ ಒಯ್ಯಲಿಲ್ಲ.

ಮೆಡಿಕಲ್ ತಮ್ಮ

161 ಚೆನ್ನಾಗಿದೆ ಅಣ್ಣಾ. ಸಾಮಾನ್ಯವಾಗಿ ಊಟದ ಮೇಲೆ 180ರ ಒಳಗೆ ಇಡಿ ಅನ್ನುತ್ತಾರೆ. ಗ್ಲೂಕೋಸ್ ಪೊಟ್ಟಣ ಡ್ರಾದಲ್ಲಿ ಇದೆ ಅಲ್ವಾ?

ಬೇಳೆಮಿಲ್ ಲೆಕ್ಕಿಗ

ಇದೆ. ಒಮ್ಮೆ ಪಕ್ಕದ ಟೇಬಲ್ಲಿನ ಹುಡುಗ ನಿಂಬೂ ಪಾನಿ ಅಂತ ಕುಡಿದುಬಿಟ್ಟ. ಮತ್ತೆ ತಂದಿಟ್ಟೆ.

ಭೀಮಾ ದಂಡೆ (ಶಹಾಪುರ)

ಎಳ್ಳಮವಾಸ್ಯೆ ಬರಲಿ, ಆಗ ನೋಡಿ. ಹೊಲದಲ್ಲಿ ಭಜ್ಜಿ ಮಾಡುತ್ತಾರಲ್ಲ, ಹಸಿ ತೊಗರಿ, ಹಸಿ ಕಡಲೆ, ಅವರೆ, ಬಟಾಣಿ, ಸಿಕ್ಕ ಸೊಪ್ಪೆಲ್ಲ ಸೇರಿಸಿ. ನಿಮಗೆ ಅದೇ ಸರಿಯಾದ ಊಟ. ಸಜ್ಜಿ ರೊಟ್ಟಿ ಒಂದೇ ತಗೊಳ್ಳಿ, ಭಜ್ಜಿ ಎರಡು ಸಲ ಹಾಕಿಸಿಕೊಳ್ಳಿ.

ಬಿಸಿಲೂರ ಹುಡುಗ

ಕಾಕಾ, ಅದಕ್ಕೆ ಇನ್ನೂ ಏಳೆಂಟು ತಿಂಗಳು ಇದೆ. ಅಲ್ಲಿ ತನಕ ಹಕ್ಕರಿಕಿ ಸೊಪ್ಪು ಎಲ್ಲಿ ಸಿಗುತ್ತೆ ಹೇಳಿ. ನಮ್ಮಮ್ಮನಿಗೂ ಈ ಡಬ್ಬಿ ಶುರು ಮಾಡಬೇಕು ಅಂತಿದ್ದೇನೆ. ಇಷ್ಟು ದಿನ ಇಲ್ಲಿ ಸುಮ್ನೆ ನಗೋಕೆ ಬರುತ್ತಿದ್ದೆ, ನಿನ್ನೆ ಅವರದ್ದೂ ನೋಡಿಸಿದೆ. ಖಾಲಿ ಹೊಟ್ಟೆಯಲ್ಲಿ 152.

ಕಡಕ್ ರೊಟ್ಟಿ ಅಕ್ಕ (ಆಳಂದ)

ಹಕ್ಕರಿಕಿ ಈ ಬಿಸಿಲಿಗೆ ಸಿಗಲ್ಲ ತಮ್ಮಾ, ಚಳಿಗಾಲಕ್ಕೆ ಬರುತ್ತದೆ. ಮೊದಲು ಅವರನ್ನು ಡಾಕ್ಟರಿಗೆ ತೋರಿಸು. ಪಚಡಿಗೆ ಈಗ ಸವತಿಕಾಯಿ, ಎಲೆಕೋಸು, ನೆನೆಸಿದ ಹೆಸರು ಬೇಳೆ ಸಾಕು. ಅಮ್ಮನಿಗೆ ಹಲ್ಲು ಹೇಗಿವೆ? ಗಟ್ಟಿ ಇಲ್ಲದಿದ್ದರೆ ತುರಿದು ಕೊಡು, ಹೆಚ್ಚಿ ಕೊಡಬೇಡ.